ಮೊದಲೋ, ಆಮೇಲೋ?

ಎದೆ ಭಾರವಾಗಿದೆ ಅಂತ ಬರೆದರೆ ಕನ್ನಡದಲ್ಲಿ ಅದು ಒಂದೋ ಪ್ರೇಮವೈಫಲ್ಯ, ಇಲ್ಲಾ ತವರಿನ ನೆನಪು. ನಾನು ಹೇಳಹೊರಟಿರೋದು ಅವೆರಡೂ ಅಲ್ಲ. ನನಗೆ ನಿಜವಾಗಿಯೂ ಎದೆ ಭಾರ ಇತ್ತು. ತಕ್ಕಡಿಯಲ್ಲಿಟ್ಟು ತೂಗಬಹುದಾದಂಥ ಭಾರ. ಕೊನೆಗೊಂದು ದಿನ ತೂಗಿದ್ದೂ ಆಯಿತು, ಆ ಲೆಕ್ಕ ಮುಂದೆ ಬರುತ್ತೆ.

ಬೆಂಗಳೂರಿನ ಒಂದು ಆಸ್ಪತ್ರೆಯ ಕೌಂಟರಿನಲ್ಲಿ ನಿಂತಿದ್ದೆ. ಹಿಂದೆ ಏಳೆಂಟು ಜನ. ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ "ಏನ್ ಪ್ರಾಬ್ಲಮ್ ಮೇಡಂ?" ಅಂದಳು. ಮನೆಯಿಂದಲೇ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹಿಂದೆ ನಿಂತ ಹಿರಿಯರೊಬ್ಬರು ಕೆಮ್ಮಿದ್ದೇ ತಡ, ಆ ವಾಕ್ಯ ಮಾಯ. "ಎದೆ ಭಾರ" ಅಂದುಬಿಟ್ಟೆ. ಹುಡುಗಿ ಗಾಬರಿಯಾಗಿ ತಲೆ ಎತ್ತಿದಳು. ಐದು ನಿಮಿಷದಲ್ಲಿ ನಾನು ಗಾಲಿಕುರ್ಚಿಯಲ್ಲಿದ್ದೆ, ಹತ್ತು ನಿಮಿಷಕ್ಕೆ ನನ್ನ ಇಸಿಜಿ ಆಗಿತ್ತು. "ಹಾರ್ಟ್ ಚೆನ್ನಾಗಿದೆ, ಟೆನ್ಷನ್ ಮಾಡ್ಕೋಬೇಡಿ" ಅಂತ ನರ್ಸು ಬೆನ್ನು ತಟ್ಟಿದರು. ಇಸಿಜಿ ದುಡ್ಡು ಕಟ್ಟಿ ಮನೆಗೆ ಬಂದೆ. ಮತ್ತೆ ಧೈರ್ಯ ಮಾಡಿ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗೋಕೆ ಮೂರು ತಿಂಗಳು ಬೇಕಾಯಿತು.

ಇದೆಲ್ಲ ಶುರುವಾಗಿದ್ದು ತೀರ್ಥಹಳ್ಳಿಯ ಹೈಸ್ಕೂಲಿನಲ್ಲಿ. ನಾನು ಖೋಖೋ ಆಡುತ್ತಿದ್ದೆ. ಸುಮ್ಮನೆ ಅಲ್ಲ, ತಾಲ್ಲೂಕು ಟೀಮಿನಲ್ಲಿ. ಎಂಟನೇ ಕ್ಲಾಸಿನ ಬೇಸಿಗೆ ರಜೆ ಮುಗಿಸಿ ಒಂಬತ್ತಕ್ಕೆ ಬರುವಷ್ಟರಲ್ಲಿ ಮೈ ನನ್ನನ್ನೊಂದು ಮಾತು ಕೇಳದೆ ಬೆಳೆದುಬಿಟ್ಟಿತ್ತು. ಓಡುವಾಗ ಒಂದು ಕೈ ತಾನಾಗಿ ಎದೆ ಮೇಲೆ ಹೋಗುತ್ತಿತ್ತು. ಒಂದು ಕೈಯಲ್ಲಿ ಖೋಖೋ ಆಡೋಕಾಗಲ್ಲ. ಕಾಂಪೌಂಡ್ ಮೇಲೆ ಕೂತ ಹುಡುಗರಿಗೆ ಆಟ ನೋಡೋದಕ್ಕಿಂತ ಬೇರೇನೋ ನೋಡುವ ಕೆಲಸ ಸಿಕ್ಕಿತ್ತು. ಪಿ.ಟಿ. ಮೇಷ್ಟ್ರಿಗೆ ಕಾಲುನೋವು ಅಂತ ಸುಳ್ಳು ಹೇಳಿ ಆಟ ಬಿಟ್ಟೆ. ಅವತ್ತಿನಿಂದ ಹದಿನಾಲ್ಕು ವರ್ಷ ನಾನು ಓಡಲಿಲ್ಲ. ಬಸ್ಸಿಗೂ ಓಡಲಿಲ್ಲ. ಹೋದ ಬಸ್ಸು ಹೋಯಿತು, ಮುಂದಿನದು ಬರುತ್ತೆ ಅನ್ನೋದು ನನ್ನ ಜೀವನದ ಸಿದ್ಧಾಂತವೇ ಆಗಿಹೋಗಿತ್ತು.

ಉಳಿದದ್ದು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತೆ. ಬ್ರಾ ಪಟ್ಟಿ ಒತ್ತಿ ಒತ್ತಿ ಹೆಗಲ ಮೇಲೆ ಬಿದ್ದ ಗುಂಡಿ. ಬೇಸಿಗೆಯಲ್ಲಿ ಎದೆಯ ಅಡಿಯ ಮಡಿಕೆಯಲ್ಲಿ ಬೆವರು ನಿಂತು ಏಳುವ ಕೆಂಪು, ತುರಿಕೆ, ಅದಕ್ಕೆ ಪೌಡರು, ಪೌಡರಿಗೆ ಬಗ್ಗದಿದ್ದರೆ ಮುಲಾಮು. ಸಂಜೆಯಾದರೆ ಕತ್ತಿನಿಂದ ಬೆನ್ನಿನ ಮಧ್ಯದವರೆಗೆ ಯಾರೋ ಹಗ್ಗ ಕಟ್ಟಿ ಎಳೆದಂಥ ನೋವು. ಎಂಥ ಸೆಕೆಯಲ್ಲೂ ವೇಲ್ ಇಲ್ಲದೆ ಹೊರಗೆ ಕಾಲಿಡದ ಅಭ್ಯಾಸ. ರವಿಕೆ ಹೊಲಿಯುವ ಟೈಲರ್ ಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಳ್ಳುವ ಮೊದಲು ಇನ್ನೊಂದು ಸಲ ಅಳೆದು ನೋಡುವಾಗಿನ ಆ ಮೌನ. ಮೂಳೆ ಡಾಕ್ಟರ್ ಹತ್ತಿರ ಹೋದರೆ "ತೂಕ ಇಳಿಸಿ" ಅಂದರು. ಎಂಟು ಕೆ.ಜಿ. ಇಳಿಸಿದೆ. ಮುಖ ಇಳಿಯಿತು, ಕೈಕಾಲು ಇಳಿಯಿತು, ಇಳಿಯಬೇಕಾದದ್ದು ಮಾತ್ರ ಜಗ್ಗಲಿಲ್ಲ.

ಅಂತೂ ಸರ್ಜನ್ ಮುಂದೆ ಕೂತಾಗ ನನಗೆ ಇಪ್ಪತ್ತೆಂಟು, ಮದುವೆಯಾಗಿ ಎರಡು ವರ್ಷ. ಅವರಿಗೆ ಐವತ್ತರ ಆಸುಪಾಸು. ಪಕ್ಕದಲ್ಲಿ ನರ್ಸನ್ನು ನಿಲ್ಲಿಸಿಕೊಂಡು ಟೇಪ್ ತೆಗೆದರು. ಟೈಲರ್ ಹತ್ತಿರ ಇರುತ್ತಲ್ಲ, ಅದೇ ಟೇಪು. ಕತ್ತಿನ ಗುಳಿಯಿಂದ ತೊಟ್ಟಿನವರೆಗೆ ಎರಡೂ ಕಡೆ ಅಳೆದು, ಹೆಗಲ ಗುಂಡಿ ನೋಡಿ, "ಎಷ್ಟು ವರ್ಷದಿಂದ ನೋವು?" ಅಂತ ಕೇಳಿದರು. ಹದಿನಾಲ್ಕು ಅಂದೆ. "ಯಾಕೆ ಇಷ್ಟು ದಿನ ಬರ್ಲಿಲ್ಲ?" ಅಂದರು. ಇಂಥದ್ದಕ್ಕೂ ಒಬ್ಬ ಡಾಕ್ಟರ್ ಇರ್ತಾರೆ ಅಂತಲೇ ಗೊತ್ತಿರಲಿಲ್ಲ ಅಂದೆ. ಅದು ನಿಜವೂ ಹೌದು. ಪ್ಲಾಸ್ಟಿಕ್ ಸರ್ಜರಿ ಅಂದರೆ ಸಿನಿಮಾದವರ ಮೂಗು ಅಂತ ತಿಳಿದಿದ್ದವಳು ನಾನು.

ಆಮೇಲೆ ಕೇಳಿದರು. "ಮಕ್ಕಳು?"

"ಇನ್ನೂ ಇಲ್ಲ."

"ಬೇಕು ಅಂತ ಇದೆಯಾ?"

"ಇದೆ."

"ಹಾಗಾದ್ರೆ ಮೊದಲೋ, ಆಮೇಲೋ ಅನ್ನೋದನ್ನ ಯೋಚನೆ ಮಾಡಿ. ಅದನ್ನ ನಾನು ಹೇಳೋಕಾಗಲ್ಲ. ಏನಾಗಬಹುದು ಅಂತ ಮಾತ್ರ ಹೇಳ್ತೀನಿ" ಅಂತ ಔಷಧಿ ಚೀಟಿಯ ಹಿಂದೆ ಚಿತ್ರ ಬರೆಯತೊಡಗಿದರು.

ಆ ಚೀಟಿ ಇವತ್ತಿಗೂ ನನ್ನ ಹತ್ತಿರ ಇದೆ. ಅವರು ಹೇಳಿದ್ದಿಷ್ಟು. ಈ ಆಪರೇಷನ್ನಿನಲ್ಲಿ ಕೊಬ್ಬು, ಹೆಚ್ಚಿನ ಚರ್ಮ, ಅದರ ಜೊತೆಗೆ ಒಂದಷ್ಟು ಹಾಲಿನ ಗ್ರಂಥಿಯನ್ನೂ ತೆಗೆಯುತ್ತಾರೆ. ತೊಟ್ಟನ್ನು ಮೇಲಕ್ಕೆ ಸರಿಸಬೇಕು. ಸಾಮಾನ್ಯವಾಗಿ ಅದನ್ನು ಪೂರ್ತಿ ಬಿಡಿಸಿ ತೆಗೆಯುವುದಿಲ್ಲ. ಕೆಳಗಿನ ಅಂಗಾಂಶ, ರಕ್ತನಾಳ, ನರಗಳ ಸಮೇತ ಒಂದು ಕಾಂಡದ ಹಾಗೆ ಉಳಿಸಿಕೊಂಡು ಮೇಲಕ್ಕೆ ತರುತ್ತಾರೆ. ಆ ಕಾಂಡ ಉಳಿದರೆ ಮುಂದೆ ಹಾಲೂಡಿಸುವ ಸಾಧ್ಯತೆಯೂ ಉಳಿಯುತ್ತದೆ. ಬಹಳ ದೊಡ್ಡದಿದ್ದಾಗ ಕೆಲವು ಸಲ ತೊಟ್ಟನ್ನು ಬಿಡಿಸಿ ನಾಟಿ ಹಾಕಿದ ಹಾಗೆ ಕೂರಿಸಬೇಕಾಗುತ್ತದೆ. ಹಾಗಾದರೆ ಹಾಲಿನ ದಾರಿಯೇ ಕಡಿದುಹೋಗುತ್ತದೆ. "ನಿಮಗೆ ಮೊದಲನೇ ವಿಧಾನ ಸಾಕು. ಆದ್ರೂ ಗ್ಯಾರಂಟಿ ಕೊಡಲ್ಲ. ಕೆಲವರು ಪೂರ್ತಿ ಕುಡಿಸ್ತಾರೆ, ಕೆಲವರಿಗೆ ಅರ್ಧಂಬರ್ಧ, ಕೆಲವರಿಗೆ ಆಗೋದೇ ಇಲ್ಲ. ಹುಟ್ಟೋ ತನಕ ಗೊತ್ತಾಗಲ್ಲ."

ಇನ್ನೊಂದು ವಿಷಯ. ಬಸುರಿಯಾದಾಗ ಎದೆ ಮತ್ತೆ ದೊಡ್ಡದಾಗುತ್ತದೆ, ಆಮೇಲೆ ಇಳಿಯುತ್ತದೆ, ಜೋತು ಬೀಳುತ್ತದೆ. ಅಂದರೆ ಮೊದಲೇ ಮಾಡಿಸಿಕೊಂಡರೆ ಕೊಟ್ಟ ಆಕಾರ ಹಾಗೇ ಉಳಿಯುತ್ತೆ ಅನ್ನುವ ಹಾಗಿಲ್ಲ, ಕೆಲವರು ಎರಡನೇ ಸಲ ಮಾಡಿಸಿಕೊಳ್ಳುವುದೂ ಉಂಟು. ಆಮೇಲೆ ಮಾಡಿಸಿಕೊಳ್ಳುವುದಾದರೆ ಮಗು ಹಾಲು ಬಿಟ್ಟು ಕೆಲವು ತಿಂಗಳು ಕಳೆದು, ಅಳತೆ ಒಂದು ಕಡೆ ನಿಂತ ಮೇಲೆ. "ಬರೀ ಜೋತುಬಿದ್ದಿದೆ, ಎತ್ತಿಸಿಕೊಳ್ಳಬೇಕು ಅಂತ ಬಂದಿದ್ರೆ, ಮಕ್ಕಳಾಗೋ ತನಕ ಕಾಯಿರಿ ಅಂತಿದ್ದೆ. ನಿಮ್ಮದು ನೋವು. ನೋವಿಗೆ ಕಾಯಿರಿ ಅಂತ ಹೇಳೋದು ನನಗೆ ಕಷ್ಟ."

ಚೀಟಿ ಮಡಚಿಕೊಂಡು ಮನೆಗೆ ಬಂದೆ. ಆಗ ಶುರುವಾಯಿತು ನೋಡಿ, ನನ್ನ ಎದೆಯ ಬಗ್ಗೆ ದುಂಡುಮೇಜಿನ ಪರಿಷತ್ತು.

ಗಂಡ "ನಿನ್ನ ಮೈ, ನಿನ್ನ ಇಷ್ಟ. ನೀನು ಹೇಗೆ ಹೇಳ್ತೀಯೋ ಹಾಗೆ" ಅಂದ. ಕೇಳೋಕೆ ಎಷ್ಟು ಚೆಂದ. ನನಗೆ ಮೈಯೆಲ್ಲ ಉರಿದುಹೋಯಿತು. ನಾಳೆ ಹಾಲು ಬರದೆ ಮಗು ಅತ್ತರೆ ಅದೂ ನನ್ನ ಇಷ್ಟವೇ ಆಗುತ್ತಲ್ಲ! "ನನಗೆ ಪರ್ಮಿಷನ್ ಬೇಡ ಮಾರಾಯ. ಜೊತೆಗೆ ಕೂತು ಯೋಚನೆ ಮಾಡೋರು ಬೇಕು" ಅಂತ ಜಗಳ ಮಾಡಿದೆ. ಎರಡು ದಿನ ಬಿಟ್ಟು ಅವನೇ ಬಂದು, "ಹಾಲು ಸಾಲದೆ ಹೋದ್ರೆ ರಾತ್ರಿ ಡ್ಯೂಟಿ ನಂದು. ಡಬ್ಬಿ ಹಾಲು ನಾನೂ ಕುಡಿಸಬಹುದಲ್ಲ" ಅಂದ. ಆ ಮಾತಿನ ಮೇಲೆ ಬೇಕಾದರೆ ಒಂದು ಸಂಸಾರ ನಿಲ್ಲಿಸಬಹುದು.

ದೊಡ್ಡಮ್ಮನ ಮಗಳು ಅಕ್ಕ ಶಿವಮೊಗ್ಗದಲ್ಲಿದ್ದಾಳೆ. ಅವಳದು ನನ್ನ ಕಥೆಯ ಉಲ್ಟಾ. ಎರಡು ಮಕ್ಕಳಾದ ಮೇಲೆ "ಗಾಳಿ ಹೋದ ಬಲೂನು ಮಾರಾಯ್ತಿ" ಅಂತ ತಾನೇ ನಗುತ್ತಿದ್ದಳು, ಆಮೇಲೆ ನಗು ನಿಲ್ಲಿಸಿ ಕನ್ನಡಿ ನೋಡೋದನ್ನೇ ಬಿಟ್ಟಿದ್ದಳು. ಮೂವತ್ತೊಂಬತ್ತಕ್ಕೆ, ಮಕ್ಕಳು ಹೈಸ್ಕೂಲಿಗೆ ಹೋದ ಮೇಲೆ, ಯಾರಿಗೂ ಹೇಳದೆ ತನ್ನ ಸಂಬಳ ಕೂಡಿಟ್ಟು ಎತ್ತಿಸಿಕೊಂಡು ಬಂದಳು. ಮೊದಲು ಸಿಲಿಕೋನ್ ಹಾಕಿಸಿಕೊಳ್ಳುವ ಯೋಚನೆಯಿತ್ತಂತೆ. ಅದು ಜೀವನಪೂರ್ತಿ ಬಾಳಿಕೆ ಬರುವ ವಸ್ತುವಲ್ಲ, ಆಗಾಗ ಸ್ಕ್ಯಾನ್ ಮಾಡಿ ನೋಡಬೇಕು, ಒಂದಲ್ಲ ಒಂದು ದಿನ ತೆಗೆಸಬೇಕೋ ಬದಲಾಯಿಸಬೇಕೋ ಆಗಬಹುದು ಅಂತ ಡಾಕ್ಟರ್ ಹೇಳಿದರಂತೆ. ಅಮೆರಿಕದಲ್ಲಂತೂ 1992ರಲ್ಲಿ ಸಿಲಿಕೋನ್ ಜೆಲ್ಲಿನವನ್ನು ಬರೀ ಅಂದಕ್ಕಾಗಿ ಹಾಕುವುದನ್ನು ತಡೆದು, ಮತ್ತೆ 2006ರಲ್ಲೇ ಒಪ್ಪಿಗೆ ಕೊಟ್ಟಿದ್ದು. "ಮನೆಲಿ ಫ್ರಿಜ್ಜು, ವಾಷಿಂಗ್ ಮೆಷಿನ್ನಿಗೆ ಸರ್ವೀಸ್ ಮಾಡಿಸಿ ಸಾಕಾಗಿದೆ. ಇದಕ್ಕೂ ಎಂತಕ್ಕೆ ಸರ್ವೀಸು? ಇದ್ದದ್ದನ್ನೇ ಎತ್ತಿ ಹೊಲೀರಿ ಅಂದೆ" ಅಂತ ಅಕ್ಕ ಫೋನಿನಲ್ಲಿ ನಕ್ಕಳು.

ಅವಳಿಗೆ ಒಂದೇ ಒಂದು ಸಿಟ್ಟು. ಹಾಲು ಕುಡಿಸಿದ್ದಕ್ಕೇ ಹೀಗಾಯಿತು ಅಂತ ಊರವರೆಲ್ಲ ಹೇಳಿದ್ದನ್ನು ನಂಬಿ, ಎರಡನೇ ಮಗುವಿಗೆ ನಾಲ್ಕೇ ತಿಂಗಳಿಗೆ ಹಾಲು ಬಿಡಿಸಿದ್ದಳು. ಅದು ತಪ್ಪು ತಿಳುವಳಿಕೆ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ವೈದ್ಯರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದೆ ಜೋತುಬೀಳಲು ಕಾರಣ ಅಂತ ಸಿಕ್ಕಿದ್ದು ವಯಸ್ಸು, ಮೈತೂಕ, ಎಷ್ಟು ಸಲ ಬಸುರಿ, ಮೊದಲಿದ್ದ ಅಳತೆ, ಸಿಗರೇಟು. ಹಾಲೂಡಿಸಿದ್ದು ಆ ಪಟ್ಟಿಯಲ್ಲಿ ಇರಲಿಲ್ಲ. ಅಕ್ಕನಿಗೆ ಇದನ್ನು ಹೇಳಿದಾಗ ಸುಮಾರು ಹೊತ್ತು ಸುಮ್ಮನಿದ್ದಳು. "ಪಾಪ, ಪಾಪು" ಅಂದಳು ಕೊನೆಗೆ. ಆ ಪಾಪು ಆಗ ಎಂಟನೇ ಕ್ಲಾಸು.

ನನ್ನ ಪ್ರಶ್ನೆಗೆ ಅವಳ ಉತ್ತರ "ಆಮೇಲೆ" ಅನ್ನೋದೇ. "ನಂಗೆ ನೋಡು, ಎಲ್ಲ ಮುಗ್ದಿತ್ತು. ಹಾಲಿನ ಚಿಂತೆ ಇಲ್ಲ, ಮತ್ತೆ ಹಾಳಾಗುತ್ತೆ ಅಂತ ಇಲ್ಲ. ಒಂದೇ ಸಲಕ್ಕೆ ಮುಗೀತು. ನೀನೂ ಮೊದ್ಲು ಎರಡು ಹೆತ್ಕೋ." ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅವಳಿಗೆ ಬೆನ್ನುನೋವು ಇರಲಿಲ್ಲ.

ಕೊನೆಗೆ ಅಮ್ಮ. ದಸರಾ ರಜೆಗೆ ಊರಿಗೆ ಹೋದಾಗ, ಅಡುಗೆಮನೆಯಲ್ಲಿ ಅಮ್ಮ ಕೆಸುವಿನೆಲೆ ಸುತ್ತುತ್ತಾ ಕೂತಿದ್ದಾಗ ಹೇಳಿದೆ. ಅಮ್ಮ ಕೈ ನಿಲ್ಲಿಸಲಿಲ್ಲ.

"ಹುಚ್ಚಾ ನಿಂಗೆ? ಮೊದ್ಲು ಒಂದು ಮಗು ಆಗ್ಲಿ. ದೇವರು ಕೊಟ್ಟಿದ್ದನ್ನ ಕೊಯ್ಸಿಕೊಂಡು ನಾಳೆ ಹಾಲಿಲ್ಲ ಅಂತ ಅಳೋದಾ? ನೋಡ್ದೋರು ಎಂತ ಹೇಳ್ತಾರೆ?"

"ಅಮ್ಮಾ, ದೊಡ್ಡದಿದ್ರೆ ಹಾಲು ಜಾಸ್ತಿ ಅಂತೇನಿಲ್ಲ. ದೊಡ್ಡದಾಗಿರೋದು ಕೊಬ್ಬಿಂದ. ಹಾಲು ಬರೋದು ಗ್ರಂಥಿಯಿಂದ."

ಅಮ್ಮ ಉತ್ತರ ಕೊಡಲಿಲ್ಲ. ರಾತ್ರಿ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿದ್ದೆವು. ಅಮ್ಮ ಎದ್ದು ಕೂತು ದೀಪ ಹಾಕಿದಳು. ಸೆರಗು ಸರಿಸಿ, ರವಿಕೆಯ ಹೆಗಲು ಕೆಳಗೆ ಜಾರಿಸಿ, ಬೆನ್ನು ತಿರುಗಿಸಿ ಕೂತಳು. "ನೋಡು" ಅಂದಳು.

ನನ್ನ ಹೆಗಲ ಮೇಲಿದ್ದದ್ದು ಗುಂಡಿ. ಅಮ್ಮನದು ಚರಂಡಿ. ಕಪ್ಪಗಾಗಿ, ಗಟ್ಟಿಯಾಗಿ, ಬೆರಳಿಟ್ಟರೆ ಬೆರಳು ಕೂರುವಷ್ಟು ಆಳ. ಹುಟ್ಟಿದಾಗಿನಿಂದ ಜೊತೆಗಿದ್ದೂ ನಾನು ನೋಡಿರಲಿಲ್ಲ. ಅಮ್ಮನ ಬೆನ್ನುನೋವು ಅಂದರೆ ನಮ್ಮ ಮನೆಯಲ್ಲಿ ಅಮ್ಮನ ಸ್ವಭಾವ ಇದ್ದ ಹಾಗೆ, ಅದಕ್ಕೊಂದು ಕಾರಣ ಇರಬಹುದು ಅಂತ ಯಾರಿಗೂ ಅನ್ನಿಸಿರಲಿಲ್ಲ. ಅಪ್ಪ ಶಿವಮೊಗ್ಗಕ್ಕೆ ಹೋದಾಗ ನೋವಿನೆಣ್ಣೆ ತರುತ್ತಿದ್ದರು, ಅಷ್ಟೇ.

"ನಿಂಗೆ ಹಾಲು ಸಾಕಾಗ್ಲಿಲ್ಲ ಗೊತ್ತಾ" ಅಂದಳು ಅಮ್ಮ, ಇನ್ನೂ ಆ ಕಡೆ ತಿರುಗಿಕೊಂಡೇ. "ಇಷ್ಟ್ ಹೊತ್ಕೊಂಡೂ ಸಾಕಾಗ್ಲಿಲ್ಲ. ಹಲವು ಮಕ್ಕಳ ತಾಯಿಬೇರು ತಿಂದೆ, ಸಬ್ಬಸಿಗೆ ಸೊಪ್ಪು ತಿಂದೆ, ಬೆಳ್ಳುಳ್ಳಿ ತಿಂದೆ. ಕೊನೆಗೆ ದನದ ಹಾಲಿಗೆ ನೀರು ಬೆರೆಸಿ ಒಳಲೇಲಿ ಕುಡ್ಸಿದ್ದು ನಿಂಗೆ. ಅಜ್ಜಿಗೆ ಗೊತ್ತಾಗಬಾರದು ಅಂತ ಕೊಟ್ಟಿಗೇಲಿ ಕೂತು ಕುಡಿಸ್ತಿದ್ದೆ."

ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು. "ಆಮೇಲೆ ಅಂತ ಒಂದು ಇರಲ್ಲ ಕಣೇ. ನೀ ಹುಟ್ಟಿದ್ಮೇಲೆ ತೋರಿಸ್ಬೇಕು ಅಂದ್ಕೊಂಡೆ. ಆಮೇಲೆ ತಮ್ಮ ಹುಟ್ದ. ಆಮೇಲೆ ಅಜ್ಜಿ ಮಲಗಿದ್ರು. ಆಮೇಲೆ ನಿಮ್ಮ ಓದು, ನಿನ್ನ ಮದುವೆ."

ದೀಪ ಆರಿಸಿ ಮಲಗಿದಳು. ಮಾಡಿಸ್ಕೋ ಅಂತ ಅಮ್ಮ ಹೇಳಲಿಲ್ಲ. ಬೇಡ ಅಂತಲೂ ಮತ್ತೆ ಹೇಳಲಿಲ್ಲ.

ನಾನು "ಮೊದಲು" ಅಂತ ತೀರ್ಮಾನ ಮಾಡಿದೆ. ಈ ತೀರ್ಮಾನ ಎಲ್ಲರಿಗೂ ಸರಿ ಅಂತ ಹೇಳ್ತಿಲ್ಲ. ನಾನು ಹಾಕಿದ ಲೆಕ್ಕ ಹೀಗಿತ್ತು. ಒಂದು ಕಡೆ ಇನ್ನೂ ಹುಟ್ಟದ ಮಗುವಿಗೆ ಬಹುಶಃ ಕಡಿಮೆಯಾಗಬಹುದಾದ ಹಾಲು. ಇನ್ನೊಂದು ಕಡೆ ಇವತ್ತು ಸಂಜೆ ಖಂಡಿತ ಬರಲಿರುವ ಬೆನ್ನುನೋವು. ಮಗು ಯಾವಾಗ, ಎಷ್ಟು, ಆಗುತ್ತೋ ಇಲ್ಲವೋ ಒಂದೂ ಗೊತ್ತಿಲ್ಲ. ಎರಡು ಮಕ್ಕಳು, ಹಾಲು ಬಿಡಿಸೋದು, ಮತ್ತೆ ಕಾಯೋದು ಅಂತ ಕೂಡಿಸಿದರೆ ಎಂಟು ಹತ್ತು ವರ್ಷ. ಅಷ್ಟು ವರ್ಷ ಈ ಬೆನ್ನಿನಲ್ಲಿ ಮಗು ಎತ್ತಿಕೊಳ್ಳೋದು ಹೇಗೆ ಅಂತಲೂ ಯೋಚಿಸಿದೆ. ಇನ್ನೊಂದು ಮಾತೂ ಹೇಳಿಬಿಡ್ತೀನಿ. ನೋವೊಂದೇ ಕಾರಣ ಅಂದರೆ ಅರ್ಧ ಸತ್ಯ. ಟೈಲರ್ ಎರಡನೇ ಸಲ ಅಳೆಯದ ಒಂದು ರವಿಕೆ ಹಾಕಿಕೊಳ್ಳಬೇಕು ಅಂತಲೂ ಆಸೆ ಇತ್ತು. ಚೆಂದ ಕಾಣಬೇಕು ಅನ್ನೋದು ನೋವಿನಷ್ಟು ಮರ್ಯಾದಸ್ಥ ಕಾರಣ ಅಲ್ಲ ಅಂತ ಅದನ್ನು ಡಾಕ್ಟರಿಗೂ ಹೇಳಿರಲಿಲ್ಲ.

ಆಫೀಸಿನ ಇನ್ಶೂರೆನ್ಸಿನವರು "ಕಾಸ್ಮೆಟಿಕ್" ಅನ್ನುವ ಒಂದೇ ಪದದಲ್ಲಿ ಅರ್ಜಿ ವಾಪಸ್ ಕಳಿಸಿದರು. ಹೆಗಲ ಗುಂಡಿಯ ಫೋಟೋ, ಮೂಳೆ ಡಾಕ್ಟರ ಚೀಟಿ ಯಾವುದೂ ಕೆಲಸ ಮಾಡಲಿಲ್ಲ. ಸರ ಮಾಡಿಸೋಕೆ ಅಂತ ಕೂಡಿಟ್ಟ ದುಡ್ಡು ಹೋಯಿತು. ಅತ್ತೆಗೆ ಏನು ಹೇಳೋದು ಅನ್ನುವುದು ಇನ್ನೊಂದು ಸಮಸ್ಯೆ. ನಾನೂ ಗಂಡನೂ ಸೇರಿ "ಗಡ್ಡೆ ತೆಗೆಸಬೇಕಂತೆ, ಗಾಬರಿ ಏನಿಲ್ಲ" ಅಂತ ಹೇಳಿದೆವು. ಅತ್ತೆ ಪಾಪ, ಮೃತ್ಯುಂಜಯ ಹೋಮಕ್ಕೆ ಹೇಳಿಬಿಟ್ಟರು. ಕಾಯಿಲೆ ಅಂದರೆ ಎಲ್ಲರೂ ಜೊತೆಗೆ ನಿಲ್ಲುತ್ತಾರೆ. ನೋವು ಕಡಿಮೆ ಮಾಡಿಕೊಳ್ತೀನಿ, ಆರಾಮಾಗಿ ಇರ್ತೀನಿ ಅಂದರೆ ಮಾತ್ರ ಯಾರಿಗೂ ಅರ್ಥವಾಗಲ್ಲ. ಅದು ಗೊತ್ತಿದ್ದೇ ನಾವು ಸುಳ್ಳು ಹೇಳಿದ್ದು.

ಆಪರೇಷನ್ ದಿನ ಬೆಳಿಗ್ಗೆ ನಿಲ್ಲಿಸಿ ಮಾರ್ಕರ್ ಪೆನ್ನಿನಲ್ಲಿ ಮೈಮೇಲೆ ಗೆರೆ ಎಳೆದರು. ಪೂರ್ತಿ ಅರಿವಳಿಕೆ, ಮೂರು ಗಂಟೆಯ ಮೇಲೆ. ಒಂದು ರಾತ್ರಿ ಆಸ್ಪತ್ರೆ. ತೊಟ್ಟಿನ ಸುತ್ತ, ಅಲ್ಲಿಂದ ಕೆಳಕ್ಕೆ, ಅಡಿಯ ಮಡಿಕೆಯುದ್ದಕ್ಕೂ ಹೊಲಿಗೆ, ಹಡಗಿನ ಲಂಗರಿನ ಆಕಾರ. ಬಲದಿಂದ 640 ಗ್ರಾಂ, ಎಡದಿಂದ 590 ಗ್ರಾಂ. ತೆಗೆದದ್ದನ್ನು ಲ್ಯಾಬಿಗೆ ಕಳಿಸಿ, ಏನೂ ತೊಂದರೆ ಇಲ್ಲ ಅಂತ ವರದಿಯೂ ಬಂತು. ಒಟ್ಟು ಒಂದೂಕಾಲು ಕೆ.ಜಿ.ಗೆ ಇಪ್ಪತ್ತು ಗ್ರಾಂ ಕಮ್ಮಿ. ತರಕಾರಿ ಚೀಲದಲ್ಲಾದರೆ ಅದೇನು ಮಹಾ ತೂಕ ಅಲ್ಲ. ಕುತ್ತಿಗೆಗೆ ನೇತುಹಾಕಿಕೊಂಡು ಹದಿನಾಲ್ಕು ವರ್ಷ ಓಡಾಡಿ ನೋಡಿ.

ಒಂದಷ್ಟು ವಾರ ಭಾರ ಎತ್ತುವ ಹಾಗಿಲ್ಲ, ಕೈ ಮೇಲೆತ್ತುವ ಹಾಗಿಲ್ಲ, ರಾತ್ರಿ ಹಗಲು ಬಿಗಿ ಬ್ರಾ. ಗಾಯದ ಗೆರೆಗಳು ಮೊದಲು ಕೆಂಪಗಿದ್ದು ವರ್ಷ ಕಳೆದ ಮೇಲೆ ಮಾಸಿದವು, ಹೋಗಲಿಲ್ಲ. ಬಲಗಡೆ ತೊಟ್ಟಿಗೆ ಸ್ಪರ್ಶ ಅಷ್ಟಾಗಿ ತಿಳಿಯುವುದಿಲ್ಲ, ಇವತ್ತಿಗೂ. ಇದನ್ನೂ ಮೊದಲೇ ಹೇಳಿದ್ದರು. ಆದರೆ ಬೆನ್ನುನೋವು? ಬ್ಯಾಂಡೇಜ್ ಬಿಚ್ಚಿದ ವಾರವೇ ಹೋಯಿತು. ನಾಲ್ಕು ತಿಂಗಳ ನಂತರ ಒಂದು ಸಂಜೆ ಬನಶಂಕರಿ ಬಸ್ಸು ಹೊರಟುಬಿಟ್ಟಿತ್ತು. ಯೋಚನೆ ಮಾಡದೆ ಓಡಿದೆ. ಎರಡೂ ಕೈ ಬೀಸಿಕೊಂಡು. ಹತ್ತಿದ ಮೇಲೆ ಕಂಡಕ್ಟರ್ "ನಿಧಾನ ಮೇಡಂ, ಹಿಂದೆ ಇನ್ನೊಂದು ಐತೆ" ಅಂದರು. ಅವರಿಗೇನು ಗೊತ್ತು.

ಇಲ್ಲಿಗೆ ನಿಲ್ಲಿಸಿದರೆ ಇದು ಆಸ್ಪತ್ರೆಯ ಜಾಹೀರಾತು ಆಗುತ್ತೆ. ಮೂರು ವರ್ಷದ ಮೇಲೆ ಮಗಳು ಹುಟ್ಟಿದಳು. 2.9 ಕೆ.ಜಿ. ಐದನೇ ದಿನ ತೂಗಿದರೆ 2.55. ಮೊದಲ ದಿನಗಳಲ್ಲಿ ಮಕ್ಕಳ ತೂಕ ಕೊಂಚ ಇಳಿಯುವುದು ಸಹಜ, ಇಷ್ಟು ಇಳಿಯಬಾರದು ಅಂದರು ಮಕ್ಕಳ ಡಾಕ್ಟರ್. "ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡ್ತಾಳೆ?" ಆರು ಸಲವಾದರೂ ಮಾಡಬೇಕಿತ್ತು. ನನ್ನ ಮಗಳು ಮೂರು. ಎಡಗಡೆ ಹಾಲಿತ್ತು. ಬಲಗಡೆ ಹಿಂಡಿದರೆ ನಾಲ್ಕು ಹನಿ.

ನನಗೆ ಮೊದಲೇ ಗೊತ್ತಿತ್ತು. ಚೀಟಿಯ ಹಿಂದೆ ಚಿತ್ರ ಬರೆದು ಹೇಳಿದ್ದರು. ಆದರೂ ಆ ರಾತ್ರಿ ಅತ್ತ ಹಾಗೆ ನಾನು ಯಾವತ್ತೂ ಅತ್ತಿಲ್ಲ. ನಮ್ಮಲ್ಲಿ ಮಾರುವ ಮಗುವಿನ ಹಾಲಿನಪುಡಿ ಡಬ್ಬಿಯ ಮೇಲೆ ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಅಂತ ದೊಡ್ಡಕ್ಷರದಲ್ಲಿ ಅಚ್ಚು ಹಾಕಲೇಬೇಕು. 1992ರ ಕಾಯ್ದೆ ಅದು, ಒಳ್ಳೆಯ ಕಾಯ್ದೆ. ಕಂಪನಿಗಳು ಮುದ್ದು ಮಗುವಿನ ಚಿತ್ರ ಹಾಕಿ ತಾಯಂದಿರಿಗೆ ಟೋಪಿ ಹಾಕಬಾರದು ಅಂತಲೇ ಮಾಡಿದ್ದು. ರಾತ್ರಿ ಎರಡು ಗಂಟೆಗೆ ಡಬ್ಬಿ ತೆಗೆಯುವಾಗ ಮಾತ್ರ ಆ ಸಾಲು ನನಗಾಗಿಯೇ ಬರೆದ ಹಾಗೆ ಕಾಣುತ್ತಿತ್ತು. ಗೋವಿನ ಹಾಡು ಕೇಳಿ ಬೆಳೆದವರು ನಾವು. ಹುಲಿಯ ಬಾಯಿಗೆ ಹೋಗುವ ಮುಂಚೆ ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಅಂತ ಬೇಡಿಕೊಂಡು ಬಂದವಳು ಪುಣ್ಯಕೋಟಿ. ನಾನು ಬಸ್ಸಿಗೆ ಓಡುವ ಆಸೆಗೆ ಕೊಯ್ಯಿಸಿಕೊಂಡವಳು. ನಡುರಾತ್ರಿಯ ಬಾಣಂತಿಯ ತಲೆಯಲ್ಲಿ ಇಂಥವೇ ಓಡುವುದು.

ಅಮ್ಮ ಬಾಣಂತನಕ್ಕೆ ಬಂದಿದ್ದಳು. ಅಳುವುದನ್ನು ನೋಡಿ ಏನೂ ಹೇಳದೆ ಟ್ರಂಕಿನಿಂದ ಒಂದು ಬಟ್ಟೆಯ ಗಂಟು ತೆಗೆದಳು. ಬೆಳ್ಳಿಯ ಒಳಲೆ. ನನಗೆ ಕುಡಿಸಿದ್ದು. ಊರಿನಿಂದ ಹೊರಡುವಾಗಲೇ ಹಾಕಿಕೊಂಡು ಬಂದಿದ್ದಳು. ಮಕ್ಕಳ ಡಾಕ್ಟರ್ ಕೂಡ ಬಾಟ್ಲಿಗಿಂತ ಒಳಲೆ ಒಳ್ಳೆಯದು, ಮಗು ಎದೆ ಚೀಪುವುದನ್ನು ಮರೆಯಲ್ಲ ಅಂದಿದ್ದರು. ದನದ ಹಾಲು ಮಾತ್ರ ವರ್ಷದವರೆಗೆ ಬೇಡ ಅಂದಿದ್ದಕ್ಕೆ ಅಮ್ಮ ಅವರನ್ನೂ ನನ್ನನ್ನೂ ಒಂದು ಸಲ ನೋಡಿ ಸುಮ್ಮನಾದಳು. ಮೊದಲು ಎದೆ, ಆಮೇಲೆ ಒಳಲೆ. ರಾತ್ರಿ ಡ್ಯೂಟಿ ಗಂಡನದು. ಮಾತು ಉಳಿಸಿಕೊಂಡ. ತಿಂಗಳಾಗುವಷ್ಟರಲ್ಲಿ ಮುಕ್ಕಾಲು ಪಾಲು ನನ್ನ ಹಾಲು, ಕಾಲು ಪಾಲು ಡಬ್ಬಿ ಅನ್ನುವ ಲೆಕ್ಕಕ್ಕೆ ಬಂತು. ಒಂದೂವರೆ ವರ್ಷ ಕುಡಿದಳು.

ನೋಡಲು ಬಂದ ಅತ್ತೆ ಡಬ್ಬಿ ನೋಡಿ "ಎಂತಕ್ಕೆ ಇದು?" ಅಂದರು. ನಾನು ತಲೆ ತಗ್ಗಿಸಿದೆ. ಗಂಡ ಬಾಯಿ ತೆರೆಯುವ ಮೊದಲೇ ಅಮ್ಮ, "ಗಡ್ಡೆ ಅಲ್ಲ ಬೀಗ್ರೇ, ಅವ್ಳಿಗೆ ಭಾರ ಆಗಿತ್ತು, ತೆಗೆಸಿಕೊಂಡ್ಳು. ನಾ ಹೊತ್ಕೊಂಡೇ ಇದ್ದೆ, ನಂಗೂ ಸಾಕಾಗಿರ್ಲಿಲ್ಲ" ಅಂದುಬಿಟ್ಟಳು. ಅತ್ತೆ ಅರ್ಧ ದಿನ ಮಾತಾಡಲಿಲ್ಲ. ಸಂಜೆ ಮೊಮ್ಮಗಳನ್ನು ಎತ್ತಿಕೊಂಡು ತಾವೇ ಒಳಲೆ ಹಿಡಿದರು. ಹೋಮದ ವಿಷಯ ಮಾತ್ರ ಇವತ್ತಿಗೂ ಆಗಾಗ ಬರುತ್ತೆ.

ಈಗ ಆಫೀಸಿನಲ್ಲಿ ಗೊತ್ತಿರುವ ಹುಡುಗಿಯರು ಕಿವಿಯಲ್ಲಿ ಕೇಳುತ್ತಾರೆ, ಮೊದಲೋ ಆಮೇಲೋ ಅಂತ. ನಾನು ಡಾಕ್ಟರ್ ಹತ್ತಿರ ಏನೇನು ಕೇಳಬೇಕು ಅಂತ ಹೇಳ್ತೀನಿ. ತೊಟ್ಟನ್ನು ಬಿಡಿಸ್ತೀರಾ, ಕಾಂಡ ಉಳಿಸ್ತೀರಾ? ಗಾಯದ ಗೆರೆ ಎಲ್ಲಿ ಬರುತ್ತೆ? ಇನ್ನೊಂದು ಆಪರೇಷನ್ ಬೇಕಾಗುತ್ತಾ? ಮಗು ಹುಟ್ಟಿದಾಗ ಮಕ್ಕಳ ಡಾಕ್ಟರಿಗೆ ಮೊದಲ ದಿನವೇ ಆಪರೇಷನ್ ವಿಷಯ ಹೇಳು, ಮುಚ್ಚಿಡಬೇಡ, ಐದನೇ ದಿನದವರೆಗೆ ಕಾಯಬೇಡ. ಮೊದಲಾದರೂ ಆಮೇಲಾದರೂ ಏನಾದರೊಂದು ಕಳೆದುಕೊಳ್ಳಲೇಬೇಕು. ನಾನು ಒಂದಿಷ್ಟು ಹಾಲು ಕಳೆದುಕೊಂಡೆ, ಅಕ್ಕ ಹತ್ತು ವರ್ಷ ಕನ್ನಡಿ ಕಳೆದುಕೊಂಡಳು. ಯಾವುದು ನಿನಗೆ ತಡೆಯುತ್ತೆ ಅಂತ ನೀನೇ ನೋಡಿಕೊಳ್ಳಬೇಕು.

ಕಳೆದ ಯುಗಾದಿಗೆ ಊರಿಗೆ ಹೋದಾಗ ಅಮ್ಮ ಬೇವು ಬಿಡಿಸುತ್ತಾ, ನನ್ನ ಮುಖ ನೋಡದೆ ಕೇಳಿದಳು. "ಅದು ನನ್ನ ವಯಸ್ಸಿಗೂ ಮಾಡ್ತಾರೇನೇ?"

ಅಮ್ಮನಿಗೆ ಐವತ್ತೆಂಟು. ಸ್ವಲ್ಪ ಶುಗರ್ ಇದೆ. ಶುಗರ್ ಹತೋಟಿಗೆ ಬಂದರೆ, ಮ್ಯಾಮೊಗ್ರಾಂ ಸರಿಯಿದ್ದರೆ, ಹಾರ್ಟ್ ಚೆನ್ನಾಗಿದ್ದರೆ ಯೋಚಿಸಬಹುದು ಅಂದರು ನನ್ನ ಡಾಕ್ಟರ್ ಫೋನಿನಲ್ಲಿ. ಮೂರು ತಿಂಗಳು ಅಮ್ಮ ಅನ್ನ ಬಿಟ್ಟು ರಾಗಿಮುದ್ದೆ ತಿಂದಳು. ಹೋದ ವಾರ ಬೆಂಗಳೂರಿಗೆ ಬಂದಳು. ಅದೇ ಆಸ್ಪತ್ರೆ, ಅದೇ ಕೌಂಟರು. ಹುಡುಗಿ ಬೇರೆ, ಪ್ರಶ್ನೆ ಅದೇ. "ಏನ್ ಪ್ರಾಬ್ಲಮ್ ಅಮ್ಮಾ?" ನಮ್ಮ ಹಿಂದೆ ಹತ್ತು ಜನ ನಿಂತಿದ್ದರು. ನಾನು ಇಂಗ್ಲಿಷಿನಲ್ಲಿ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕೌಂಟರಿನ ಮೇಲೆ ಎರಡೂ ಕೈಯೂರಿ, ಇಡೀ ಹಾಲಿಗೆ ಕೇಳುವ ಹಾಗೆ ಹೇಳಿದಳು.

"ಮೊಲೆ ಭಾರ ಆಗಿದಾವೆ ಮಾರಾಯ್ತಿ. ಬೆನ್ನು ನೋವು, ತಡೆಯಕ್ಕಾಗಲ್ಲ."

ಹುಡುಗಿ ಒಂದು ಕ್ಷಣ ಕೈ ನಿಲ್ಲಿಸಿ, ಆಮೇಲೆ ಟೈಪ್ ಮಾಡಿಕೊಂಡು, "ಪ್ಲಾಸ್ಟಿಕ್ ಸರ್ಜರಿ, ಎರಡನೇ ಮಹಡಿ" ಅಂದಳು.